ಇಪ್ಪತ್ನಾಲ್ಕು ಬೀಗ, ಒಂದು ಬುಗುರಿ

ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಮುಂಚಿನ ಬುಧವಾರ. ಆ ದಿನ ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಾನು ಜರಗನಹಳ್ಳಿಯವಳು. ಒಂಬತ್ತು ವರ್ಷದಿಂದ ಒಂದು ಸೇವಾಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಮನೆಗೆಲಸದವರು, ಪಿಜಿಗಳಲ್ಲಿ ರೂಮು ಗುಡಿಸುವವರು, ಟೈಲರ್‌ಗಳು, ಇಂಥವರಿಗೆ ಕೈಗೆಟಕುವ ಬಾಡಿಗೆಗೆ ಪುಟ್ಟ ಮನೆ ಕಟ್ಟಿಸಿ ಕೊಡುವುದು ನಮ್ಮ ಸಂಸ್ಥೆಯ ಕೆಲಸ. ಆಫೀಸು ಜಯನಗರದಲ್ಲಿದೆ. ನನ್ನ ಹುದ್ದೆಗೆ ಒಂದು ಉದ್ದನೆಯ ಇಂಗ್ಲಿಷ್ ಹೆಸರಿದೆ. ಅಸಲಿಗೆ ನಾನು ಮಾಡುವುದು ಮನೆ ಮನೆ ತಿರುಗಿ ಅರ್ಜಿ ತುಂಬಿಸುವುದು, ಮನೆ ಯಾವಾಗ ಸಿಗುತ್ತದೆ ಅಂತ ಕೇಳುವವರಿಗೆ ಸುಳ್ಳು ಹೇಳದೆ ಸಮಾಧಾನ ಹೇಳುವುದು. ಎರಡನೆಯದೇ ಕಷ್ಟ.

ನಮ್ಮ ಡೈರೆಕ್ಟರನ್ನು ಶ್ರೀಧರ್ ಸಾರ್ ಅಂತ ಕರೆಯೋಣ. ನಿಜವಾದ ಹೆಸರು ಬರೆದರೆ ಅದರ ಮೇಲೂ ಒಂದು ಮೀಟಿಂಗ್ ಕರೆಯುತ್ತಾರೆ. ಅವರು ಕೆಟ್ಟವರಲ್ಲ, ಅದೇ ನನ್ನ ತಲೆನೋವು. ಕೆಟ್ಟವರಾಗಿದ್ದರೆ ಮನಸಾರೆ ಬೈದುಕೊಂಡು ಹಗುರಾಗಬಹುದಿತ್ತು. ದೊಡ್ಡ ಕಂಪನಿಯ ಕೆಲಸ ಬಿಟ್ಟು ಬಂದವರು. ಯಾರ ಜೊತೆಗೂ ಏರುದನಿಯಲ್ಲಿ ಮಾತಾಡಿದವರಲ್ಲ. ಆದರೆ ಟೀಪುಡಿ ಬದಲಾಯಿಸಬೇಕಾದರೂ ಅವರಿಗೆ ಎಲ್ಲರೂ ಒಪ್ಪಿ ತೀರ್ಮಾನ ಆಗಬೇಕು. ಅದಕ್ಕೆ ಅವರು ತಂದ ಒಂದು ಪದ್ಧತಿ ಇದೆ. ಚನ್ನಪಟ್ಟಣದ ಒಂದು ಬಣ್ಣದ ಬುಗುರಿ. ಮೀಟಿಂಗ್‌ನಲ್ಲಿ ಎಲ್ಲರೂ ದುಂಡಗೆ ಕೂರಬೇಕು. ಬುಗುರಿ ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು. ಹೇಳುವುದು ಏನೂ ಇಲ್ಲದಿದ್ದರೆ ಪಕ್ಕದವರಿಗೆ ದಾಟಿಸಬೇಕು. ಹನ್ನೊಂದು ಜನರ ಕೈ ಸುತ್ತಿ ಬರುವಷ್ಟರಲ್ಲಿ ಟೀ ತಣ್ಣಗಾಗಿರುತ್ತದೆ.

ಜರಗನಹಳ್ಳಿಯಲ್ಲಿ ನಮ್ಮ ಹೊಸ ಕಟ್ಟಡ ಮುಗಿದಿತ್ತು. ನೆಲಮಹಡಿಯಲ್ಲಿ ಆರು, ಮೇಲಿನ ಮೂರು ಮಹಡಿಗಳಲ್ಲಿ ಆರಾರು, ಒಟ್ಟು ಇಪ್ಪತ್ನಾಲ್ಕು ಮನೆ. ಬಾಗಿಲಿಗೆ ಯಾವ ಲಾಕ್ ಹಾಕಿಸಬೇಕು ಅನ್ನುವ ಫೈಲು ಇನ್ನೂ ತಿರುಗುತ್ತಲೇ ಇದ್ದುದರಿಂದ, ಸದ್ಯಕ್ಕೆ ಅಂತ ಕನಕಪುರ ರಸ್ತೆಯ ಹಾರ್ಡ್‌ವೇರ್ ಅಂಗಡಿಯಿಂದ ಒಂದೇ ಥರದ ಇಪ್ಪತ್ನಾಲ್ಕು ಬೀಗ ತಂದು ಹಾಕಿದ್ದೆವು. ಪ್ರತಿ ಕೀಗೂ ಮನೆಯ ನಂಬರಿನ ಚೀಟಿಯನ್ನು ನಾನೇ ಕೂತು ಕಟ್ಟಿದ್ದೆ.

ಮನೆ ಸಿದ್ಧವಾದದ್ದು ಜ್ಯೇಷ್ಠದಲ್ಲಿ. ಕೀ ಕೊಡಲು ಒಬ್ಬ ಮುಖ್ಯ ಅತಿಥಿ ಬರಬೇಕಿತ್ತು. ಅವರು ಇವತ್ತು ನಾಳೆ ಅನ್ನುವಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಹೊಸ ಮನೆಯಲ್ಲಿ ಯಾರು ಹಾಲು ಉಕ್ಕಿಸುತ್ತಾರೆ? ಮತ್ತೊಂದು ತಿಂಗಳು ಹೋಯಿತು.

ಇದರ ಏಟು ಬಿದ್ದದ್ದು ಹನುಮವ್ವನಿಗೆ. ಸಿಂಧನೂರಿನ ಕಡೆಯವಳು, ಬಿಟಿಎಂ ಲೇಔಟ್‌ನ ಒಂದು ಪಿಜಿಯಲ್ಲಿ ರೂಮು ಸ್ವಚ್ಛ ಮಾಡುತ್ತಾಳೆ. ಪುಟ್ಟೇನಹಳ್ಳಿಯಲ್ಲಿ ಅವಳು ಬಾಡಿಗೆಗಿದ್ದ ಶೀಟಿನ ಮನೆಯನ್ನು ಕೆಡವಿ ಕಟ್ಟಿಸಲು ಓನರು ಕಾಯುತ್ತಿದ್ದ. ಅಷ್ಟರಲ್ಲಿ ಮಗಳು ರೇಣುಕಾಳಿಗೆ ಹೆರಿಗೆಯೂ ಆಯಿತು. ಮೂರು ಸಲ ನಾನೇ ಹೋಗಿ ಓನರಿಗೆ ಕೈಮುಗಿದು ಗಡುವು ಮುಂದಕ್ಕೆ ಹಾಕಿಸಿದ್ದೆ. "ನೋಡಿ ಮೇಡಂ, ಬಾಣಂತಿ ಅಂತ ಸುಮ್ನಿದೀನಿ. ಬುಧವಾರ ಬೆಳಗ್ಗೆ ಶೀಟ್ ಬಿಚ್ಚಿಸ್ತೀನಿ, ಇನ್ನು ಕೇಳ್ಬೇಡಿ" ಅಂದಿದ್ದ. ಸಮಾರಂಭವೂ ಬುಧವಾರವೇ.

ಅದಕ್ಕೂ ಮುಂಚೆ ಶ್ರೀಧರ್ ಸಾರ್ ಹತ್ತಿರ ಹೋಗಿ ಕೇಳಿದ್ದೆ. "ಸಾರ್, ಹನುಮವ್ವಂಗೊಬ್ರಿಗೆ ಕೀ ಕೊಟ್ಬಿಡೋಣ. ಮನೇಲಿ ಎಳೆ ಮಗು ಇದೆ."

"ಶೋಭಾ, ಸಮಾರಂಭ ಆಗೋವರೆಗೂ ಯಾರಿಗೂ ಕೊಡಬಾರದು ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದೀವಲ್ಲ" ಅಂದರು. ಆಮೇಲೆ ಇನ್ನೂ ಮೆತ್ತಗೆ, "ನೀವು ಯಾವ ವಿಷಯ ಬಂದ್ರೂ ಮೊದಲು ತೊಂದರೇನೇ ಹುಡುಕ್ತೀರಿ. ಸ್ವಲ್ಪ ಪಾಸಿಟಿವ್ ಆಗಿರಿ" ಅಂದರು.

ಒಂಬತ್ತು ವರ್ಷ ದುಡಿದವಳಿಗೆ ಈ ಮಾತು! ಮನೆಗೆ ಹೋದರೂ ಅದೇ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ಮಂಗಳವಾರ ಕೊನೆಯ ಮೀಟಿಂಗ್. ಫೋಟೋ, ಪ್ರಚಾರ ನೋಡಿಕೊಳ್ಳುವ ಪ್ರೀತಿ ಅನ್ನುವ ಹುಡುಗಿ ಬುಗುರಿ ಹಿಡಿದು ಉತ್ಸಾಹದಿಂದ ಹೇಳಿದಳು. "ಕೀಗಳಿಗೆ ಕಟ್ಟಿದ್ದ ಚೀಟಿ ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ. ಎಲ್ಲಾ ಬಿಚ್ಚಿ ನಮ್ಮ ಲೋಗೋ ಬಣ್ಣದ ರಿಬ್ಬನ್ ಕಟ್ಟಿದೀನಿ. ಸಖತ್ತಾಗಿ ಕಾಣ್ತಿದೆ!" ಎಲ್ಲರೂ ತಲೆದೂಗಿದರು. ಕಟ್ಟಡದ ಒಳಗೆ ಒಂದು ಸಲವೂ ಕಾಲಿಟ್ಟಿರದವರು ತಲೆದೂಗುವುದರಲ್ಲಿ ಆಶ್ಚರ್ಯವೇನಿಲ್ಲ.

ಬುಗುರಿ ನನ್ನ ಕೈಗೆ ಬಂತು. 'ಅಮ್ಮಾ ತಾಯಿ, ಚೀಟಿ ಇಲ್ಲದಿದ್ದರೆ ಯಾವ ಕೀ ಯಾವ ಮನೆಯದು ಅಂತ ಗೊತ್ತಾಗೋದು ಹೇಗೆ?' ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಶ್ರೀಧರ್ ಸಾರ್ ನನ್ನನ್ನೇ ನೋಡುತ್ತಿದ್ದರು. ನನಗೆ ಒಳಗೊಳಗೇ ಒಂದು ಹಟ ಎದ್ದಿತು. ಮಾಡಿಕೊಳ್ಳಲಿ. ಎಲ್ಲರ ಮುಂದೆ ಮರ್ಯಾದೆ ಹೋಗಲಿ. ಆಗ ಗೊತ್ತಾಗುತ್ತದೆ ತೊಂದರೆ ಹುಡುಕುವವಳ ಬೆಲೆ ಏನು ಅಂತ. ನಾನು ನಕ್ಕು, ಏನೂ ಮಾತಾಡದೆ, ಬುಗುರಿಯನ್ನು ಪಕ್ಕದವರಿಗೆ ದಾಟಿಸಿದೆ. "ಗುಡ್, ಶೋಭಾ" ಅಂದರು ಶ್ರೀಧರ್ ಸಾರ್.

ಬುಧವಾರ ಬೆಳಗ್ಗೆ ಒಂಬತ್ತಕ್ಕೇ ಇಪ್ಪತ್ನಾಲ್ಕು ಸಂಸಾರಗಳೂ ಬಂದಿದ್ದವು. ಕೈಯಲ್ಲಿ ದೇವರ ಫೋಟೋ, ಹೊಸ ಪಾತ್ರೆ, ಹಾಲಿನ ಪ್ಯಾಕೆಟ್ಟು. ಹನುಮವ್ವನ ಗಂಟುಮೂಟೆ ಒಂದು ಟೆಂಪೋದಲ್ಲಿತ್ತು. ಅದರ ಮುಂದಿನ ಸೀಟಿನಲ್ಲಿ ತಲೆಗೆ ಸ್ಕಾರ್ಫ್ ಬಿಗಿದುಕೊಂಡು, ಇಪ್ಪತ್ತು ದಿನದ ಕೂಸನ್ನು ಮಡಿಲಲ್ಲಿಟ್ಟುಕೊಂಡು ರೇಣುಕಾ ಕೂತಿದ್ದಳು. ಹಿಂದಿರುಗಿ ಹೋಗಲು ಅವರಿಗೆ ಮನೆಯೇ ಇರಲಿಲ್ಲ.

ಒಂಬತ್ತೂವರೆಗೆ ಬರಬೇಕಿದ್ದ ಅತಿಥಿ ಹತ್ತೂವರೆಗೆ ಬಂದರು. ಭಾಷಣ ಮುಗಿದು, ತೆಂಗಿನಕಾಯಿ ಒಡೆದು, ರಿಬ್ಬನ್ ಕಟ್ಟಿದ ಕೀಗಳನ್ನು ಒಬ್ಬೊಬ್ಬರಿಗೂ ಕೊಟ್ಟು, ಅತಿಥಿಗೆ ಒಂದು ಚಂದದ ಗಾಜಿನ ಫ್ರೇಮು ನೆನಪಿನ ಕಾಣಿಕೆಯಾಗಿ ಕೊಟ್ಟು ಕಳಿಸುವಷ್ಟರಲ್ಲಿ ಹನ್ನೊಂದೂ ಕಾಲು. ಬುಧವಾರ ಹನ್ನೆರಡಕ್ಕೆ ರಾಹುಕಾಲ ಶುರು. ಅಷ್ಟರೊಳಗೆ ಹಾಲು ಉಕ್ಕಿಸಬೇಕು ಅಂತ ಎಲ್ಲರೂ ಮೆಟ್ಟಿಲು ಹತ್ತಿ ಓಡಿದರು.

ಐದು ನಿಮಿಷಕ್ಕೆ ಎಲ್ಲಾ ಮಹಡಿಯಿಂದಲೂ ಒಂದೇ ಕೂಗು. "ಮೇಡಂ, ಇದು ಆಗ್ತಿಲ್ಲ!" "ಅಕ್ಕ, ನಮ್ದೂ ಆಗ್ತಿಲ್ಲ!" ಕೀ ಹಿಡಿದವರು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಾಡಿ ಮೆಟ್ಟಿಲ ಮೇಲೆ ನೂಕುನುಗ್ಗಲಾಯಿತು. ಯಾರದೋ ಹಾಲಿನ ಪ್ಯಾಕೆಟ್ ಒಡೆದು ಇನ್ನಾರೋ ಜಾರಿದರು. ನನಗೆ ಒಂದು ಕ್ಷಣ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ನಿಜವಾಗಿಯೂ ಖುಷಿಯಾಯಿತು.

ಇನ್ನೊಂದು ಸೆಟ್ ಕೀ ಚೀಟಿ ಸಮೇತ ಜಯನಗರದ ಆಫೀಸಿನ ಬೀರುವಿನಲ್ಲಿತ್ತು. ಬೀರುವಿನ ಕೀ ನಮ್ಮ ಅಡ್ಮಿನ್ ವೆಂಕಟೇಶ್ ಹತ್ತಿರ. ವೆಂಕಟೇಶ್ ಅತಿಥಿಯನ್ನು ಮನೆ ಮುಟ್ಟಿಸಲು ಕಾರಿನಲ್ಲಿ ಹೋಗಿದ್ದರು. ಸಮಾರಂಭಕ್ಕೆ ಅಂತ ಸೈಲೆಂಟ್ ಮಾಡಿದ್ದ ಫೋನು ಸೈಲೆಂಟಾಗಿಯೇ ಇತ್ತು.

ಶ್ರೀಧರ್ ಸಾರ್ ಮೊದಲ ಮಹಡಿಯ ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಎತ್ತಿದರು. "ದಯವಿಟ್ಟು ಗಾಬರಿ ಬೇಡ. ಎರಡು ನಿಮಿಷ ಕೂತು ಮಾತಾಡೋಣ" ಅಂದರು. ಅಂದು, ಜುಬ್ಬಾದ ಜೇಬಿಗೆ ಕೈ ಹಾಕಿ ಬುಗುರಿ ತೆಗೆದರು! ಬುಗುರಿಯನ್ನು ಇಲ್ಲಿಗೂ ತಂದಿದ್ದರು! ಎಲ್ಲರಿಗಿಂತ ಮುಂದೆ ನಿಂತಿದ್ದ ಹನುಮವ್ವನ ಕೈಗೇ ಅದನ್ನು ಕೊಟ್ಟರು. ಅವಳು ಅದನ್ನು ತಿರುಗಿಸಿ ನೋಡಿದಳು. "ಇದನ್ನೇನ್ ಮಾಡ್ಲಿರಿ ಸಾಹೇಬ್ರ? ಆಡಾಕ ನಮ್ಮ ಕೂಸು ಇನ್ನಾ ಸಣ್ಣದೈತಿ" ಅಂದು ವಾಪಸ್ ಕೊಟ್ಟಳು. ನಗುವ ಹೊತ್ತಲ್ಲದಿದ್ದರೂ ನಾಲ್ಕು ಜನ ನಕ್ಕರು.

ಆಮೇಲೆ ಅವಳೇ ದನಿ ಎತ್ತಿದಳು. "ನಮ್ಮ ಪಿಜಿಯಾಗ ಒಮ್ಮೆ ಹಿಂಗ ಆಗಿತ್ತು. ಎಲ್ಲಾರೂ ನಿಮ್ಮ ನಿಮ್ಮ ಬಾಗಿಲ ಮುಂದ ನಿಂದರ್ರಿ. ಯಾರೂ ಜಾಗಾ ಬಿಡಬ್ಯಾಡ್ರಿ. ಕೈಯಾಗಿನ ಕೀಲಿಕೈ ಹಾಕಿ ನೋಡ್ರಿ, ಹತ್ತಲಿಲ್ಲಂದ್ರ ಮುಂದಿನ ಬಾಗಿಲಿಗೆ ಕೊಡ್ರಿ. ಕಡೀ ಮನಿಯದು ಕೆಳಗ ಮೊದಲ್ನೇ ಮನಿಗೆ ಬರ್ಲಿ. ಅಕ್ಕಾರ, ನೀವು ಅದನ್ನ ತಗೊಂಡು ಇಳೀರಿ."

ಅಷ್ಟೇ. ಮೀಟಿಂಗಿಲ್ಲ, ಒಪ್ಪಿಗೆಯಿಲ್ಲ. ಕೀಗಳು ಕೈಯಿಂದ ಕೈಗೆ ದಾಟತೊಡಗಿದವು. ನಾನು ಮೂರನೇ ಮಹಡಿಯ ಕೊನೆಯ ಮನೆಯಿಂದ ಕೀ ಹಿಡಿದು ಕೆಳಗೋಡುವುದು, ಮತ್ತೆ ಹತ್ತುವುದು. ಮಂಡಿ ಚಿಪ್ಪು ಕಳಚಿ ಬೀಳುತ್ತದೇನೋ ಅನ್ನಿಸಿತು. ಒಂದೊಂದೇ ಬಾಗಿಲು ತೆರೆಯಿತು. ತೆರೆದವರು ಹೋ ಅಂತ ಕೂಗುವುದು, ಒಳಗಿಂದ ಸ್ಟೌ ಹಚ್ಚುವ ಸದ್ದು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಇಪ್ಪತ್ಮೂರು ಬಾಗಿಲು ತೆರೆದಿದ್ದವು.

ಉಳಿದದ್ದು ಮೂರನೇ ಮಹಡಿಯ ಕೊನೆಯ ಮನೆ, ಹನುಮವ್ವನದು. ಉಳಿದ ಒಂದೇ ಕೀ ಅವಳ ಕೈಯಲ್ಲಿತ್ತು. ಹಾಕಿ ತಿರುಗಿಸಿದಳು. ಮತ್ತೆ ತಿರುಗಿಸಿದಳು. "ಅಕ್ಕಾರ, ಇದು ಹತ್ತವಲ್ದ್ರಿ."

ಪ್ರೀತಿಯ ಮುಖ ಬಿಳುಚಿಕೊಂಡಿತು. ಅತಿಥಿಗೆ ಕೊಟ್ಟ ಫ್ರೇಮಿನೊಳಗೆ ನಿಜವಾದ ಕೀಯೇ ಇರಲಿ ಅಂತ ಒಂದನ್ನು ತೆಗೆದು ಅಂಟಿಸಿದ್ದಳು. ಟ್ರೇಯಲ್ಲಿ ಎಣಿಕೆ ಕಡಿಮೆಯಾಗದಿರಲಿ ಅಂತ ಅದರ ಜಾಗಕ್ಕೆ ಪಂಪ್‌ರೂಮಿನ ಕೀಗೆ ರಿಬ್ಬನ್ ಕಟ್ಟಿ ಇಟ್ಟಿದ್ದಳು. "ಇನ್ನೊಂದ್ ಸೆಟ್ ಇದ್ಯಲ್ಲ ಅಂದ್ಕೊಂಡೆ ಅಕ್ಕ" ಅಂದು ಅಳತೊಡಗಿದಳು.

"ಸಾರ್, ಬೀಗ ಒಡೀತೀನಿ" ಅಂದೆ.

"ಒಂದ್ನಿಮಿಷ ಶೋಭಾ. ಸಂಸ್ಥೆ ಆಸ್ತಿ ಅದು. ಅಧ್ಯಕ್ಷರನ್ನ ಒಂದು ಮಾತು ಕೇಳ್ಬಿಡ್ತೀನಿ" ಅಂತ ಫೋನ್ ಕಿವಿಗಿಟ್ಟುಕೊಂಡರು. ಆ ಕಡೆ ರಿಂಗಾಗುತ್ತಲೇ ಇತ್ತು. ನಾನು ಕಾದೆ. ಯಾಕೆ ಕಾದೆನೋ ಗೊತ್ತಿಲ್ಲ. ಒಂಬತ್ತು ವರ್ಷದ ಅಭ್ಯಾಸ. ಕೊನೆಗೆ ತಡೆಯಲಾರದೆ ಕೆಳಗೋಡಿ, ತೆಂಗಿನಕಾಯಿ ಒಡೆದಿದ್ದ ಕಲ್ಲನ್ನು ಎತ್ತಿಕೊಂಡು ಮೂರು ಮಹಡಿ ಹತ್ತಿದೆ. ಏಳೆಂಟು ಏಟು ಹಾಕಿದೆ. ಹೆಬ್ಬೆರಳು ಜಜ್ಜಿತು. ಬೀಗ ಬಾಯಿ ಬಿಟ್ಟಿತು.

ಕೂಸನ್ನೆತ್ತಿಕೊಂಡು ರೇಣುಕಾ ಅಷ್ಟರಲ್ಲಿ ಮೇಲೆ ಬಂದಿದ್ದಳು. ಬಲಗಾಲು ಎತ್ತಿದವಳು ಹಾಗೇ ಹಿಂದಕ್ಕಿಟ್ಟಳು. "ಯವ್ವಾ, ಹನ್ನೆರಡು ಹೊಡದು ಹೋತು" ಅಂದಳು. ಫೋನ್ ನೋಡಿದೆ. ಹನ್ನೆರಡು ಗಂಟೆ ನಾಲ್ಕು ನಿಮಿಷ.

ಅಕ್ಕಪಕ್ಕದವರು ತಮ್ಮ ಮನೆಗೆ ಕರೆದರು. ಅವರಿಗೂ ಇವತ್ತೇ ಮೊದಲ ದಿನ, ಬಾಣಂತಿಯನ್ನು ಕರಕೊಂಡು ಹೋಗುವುದು ಬೇಡ ಅಂತ ಹನುಮವ್ವ ಒಪ್ಪಲಿಲ್ಲ. ಎದುರಿಗೆ ಬಾಗಿಲು ಹಾರುಹೊಡೆದಿತ್ತು. ತಾಯಿ, ಮಗಳು, ಕೂಸು ಹೊರಗೆ ಕಾರಿಡಾರಿನಲ್ಲಿ ಚಾಪೆ ಹಾಸಿ ಕೂತರು. ತುಂತುರು ಮಳೆ ಶುರುವಾಗಿ ಗಾಳಿಗೆ ಒಳಕ್ಕೆ ಹೊಡೆಯುತ್ತಿತ್ತು. ನಾನು ಹನುಮವ್ವನ ಸೀರೆಯೊಂದನ್ನು ಮರೆಯಾಗಿ ಹಿಡಿದು ಕೂತೆ. ಇಪ್ಪತ್ಮೂರು ಮನೆಗಳಿಂದ ಹಾಲು ಉಕ್ಕಿದ ವಾಸನೆ ಬರುತ್ತಿತ್ತು.

"ಮೂರು ತಿಂಗಳು ಕಾದೀವಿ. ಇನ್ನ ಒಂದೂವರೆ ತಾಸಿಗೆ ಏನಾಗ್ತೈತ್ರಿ" ಅಂತ ಹನುಮವ್ವ ನನಗೇ ಸಮಾಧಾನ ಹೇಳಿದಳು. ನನ್ನ ಹೆಬ್ಬೆರಳಿಗೆ ಬಟ್ಟೆ ಸುತ್ತಿದಳು. ಅದನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ. ಮಂಗಳವಾರದ ಮೀಟಿಂಗಿನಲ್ಲಿ ಚೀಟಿ ಬಿಚ್ಚಿದ್ದು ಗೊತ್ತಾಗಿಯೂ, ಹಟಕ್ಕೆ ಬಿದ್ದು ಬಾಯಿ ಮುಚ್ಚಿಕೊಂಡಿದ್ದೆ, ಆವತ್ತೇ ಹೇಳಿ ಚೀಟಿ ಮತ್ತೆ ಕಟ್ಟಿಸಿದ್ದರೆ ಒಂದು ಕೀ ಇಲ್ಲದ್ದೂ ಆಗಲೇ ಗೊತ್ತಾಗುತ್ತಿತ್ತು ಅಂತ ಹೇಳಿಬಿಟ್ಟೆ.

ಅವಳು ಬೈಯಲಿಲ್ಲ. ಬಟ್ಟೆಯ ಗಂಟು ಹಾಕುತ್ತಿದ್ದ ಕೈ ಮಾತ್ರ ನಿಂತಿತು. "ನೀವಾದ್ರೂ ಹೇಳಬೇಕಿತ್ರಿ ಅಕ್ಕಾರ" ಅಂದಳು. "ಅವರಿಗೆ ನಮ್ಮ ಬಾಗಿಲ ಯಾವುದು ಅಂತ ಗೊತ್ತಿಲ್ಲ. ನಿಮಗ ಗೊತ್ತಿತ್ತಲ್ಲ."

ಒಂದೂವರೆ ದಾಟಿದ ಮೇಲೆ ಒಳಗೆ ಹೋಗಿ ಹಾಲು ಉಕ್ಕಿಸಿದರು. ನನಗೂ ಒಂದು ಲೋಟ ಕೊಟ್ಟರು.

ಮುಂದಿನ ವಾರ, ಈ ಘಟನೆಯಿಂದ ನಾವೇನು ಕಲಿತೆವು ಅಂತ ಒಂದು ಮೀಟಿಂಗ್ ನಡೆಯಿತು. ನಡೆಯದೆ ಇರುತ್ತದೆಯೇ? ಪ್ರೀತಿ ತನ್ನ ತಪ್ಪನ್ನು ತಾನೇ ಒಪ್ಪಿಕೊಂಡಳು. ನನ್ನ ಸರದಿ ಬಂದಾಗ ನಾನೂ ಹೇಳಿದೆ. ಶ್ರೀಧರ್ ಸಾರ್ ಕಣ್ಣಲ್ಲಿ ನೀರು ತಂದುಕೊಂಡು, "ಎಷ್ಟು ಪ್ರಾಮಾಣಿಕವಾಗಿ ಹಂಚಿಕೊಂಡ್ರಿ ಶೋಭಾ" ಅಂದು ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಇವರನ್ನು ಏನು ಮಾಡಬೇಕು ಹೇಳಿ!

ಆ ಫ್ರೇಮು ಅತಿಥಿಯ ಮನೆಯ ಹಾಲ್‌ನಲ್ಲಿ ಈಗಲೂ ಇದೆಯಂತೆ. ಅದರ ಕೀಗೆ ಸೇರಿದ ಒಡೆದ ಬೀಗ ನನ್ನ ಮೇಜಿನ ಡ್ರಾಯರಿನಲ್ಲಿದೆ. ಆ ದಿನ ನನಗೆ ಮೈ ಉರಿದದ್ದು ಅವರ ಮೇಲೆ ಮಾತ್ರ ಅಲ್ಲ. ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅವರ ಮರ್ಯಾದೆ ಹೋಗಲಿ ಅಂತ ನಾನು ನುಂಗಿಕೊಂಡ ಮಾತಿಗೆ ಮಳೆಯಲ್ಲಿ ಕೂತದ್ದು ಇಪ್ಪತ್ತು ದಿನದ ಕೂಸು.

ಮೀಟಿಂಗ್‌ನಲ್ಲಿ ಈಗ ಬುಗುರಿ ಯಾರ ಕೈಯಲ್ಲಾದರೂ ಇರಲಿ, ತಪ್ಪು ಕಂಡರೆ ನಾನು ಮಾತಾಡಿಬಿಡುತ್ತೇನೆ. "ಶೋಭಾ, ಬುಗುರಿ..." ಅಂತಾರೆ ಶ್ರೀಧರ್ ಸಾರ್, ಎಂದಿನಂತೆ ಮೆತ್ತಗೆ. ನಾನು ಹೇಳಬೇಕಾದದ್ದನ್ನು ಪೂರ್ತಿ ಹೇಳಿ ಮುಗಿಸಿ, ಆಮೇಲೆ ಅವರ ಕಡೆ ನೋಡುತ್ತೇನೆ.