ಬಲಗೈಗೆ ಬಿದ್ದ ಸೂಜಿ

ಸಿಂಚನಾ, ಪ್ರಣವ್, ನಿಮ್ಮ ಅಜ್ಜಿ ಒಂದು ಮೊಟ್ಟೆಗೆ ಹೆದರಿ ಕ್ಲಿನಿಕ್ಕಿನಿಂದ ಓಡಿ ಬರುವುದರಲ್ಲಿದ್ದಳು. ನಗಬೇಡಿ. (ಓದುಗರು ಬೇಕಾದರೆ ನಗಬಹುದು.)

ಹರಿಹರದ ತವರಿನಲ್ಲಿ ಬಾಣಂತನಕ್ಕಿರುವ ನಿಮ್ಮಮ್ಮ ಫೋನ್ ಮಾಡಿದ್ದಳು. “ಅತ್ತೇ, ಕೂಸು ದಿನ ತುಂಬೋಕೆ ಮೊದ್ಲೇ ಹುಟ್ಟೈತಲ್ರಿ, ಎತ್ಕಳೋರೆಲ್ಲ ಫ್ಲೂ ಇಂಜೆಕ್ಷನ್ ಮಾಡಿಸ್ಕಂಡೇ ಬರ್ಬೇಕಂತೆ. ಡಾಕ್ಟ್ರು ಹೇಳ್ಯಾರೆ.”

ನಿಮ್ಮ ಪುಟ್ಟ ತಂಗಿಯನ್ನು ನಾನಿನ್ನೂ ಫೋಟೋದಲ್ಲಷ್ಟೇ ನೋಡಿದ್ದೆ. ತಡ ಮಾಡಲು ಮನಸ್ಸು ಬರುತ್ತದೆಯೇ?

ಎಸ್.ಎಸ್. ಬಡಾವಣೆಯ ಕ್ಲಿನಿಕ್ಕಿಗೆ ಪಕ್ಕದ ಮನೆಯ ಶಂಷಾದ್ ಜೊತೆಗೆ ಬಂದಳು. ಇಂಥ ಕಡೆ ಮಾತಾಡುವ ಕೆಲಸ ನಿಮ್ಮ ಅಜ್ಜನದಾಗಿತ್ತು. ಈಗ ಅದು ಶಂಷಾದ್ ಪಾಲಿಗೆ ಬಂದಿದೆ.

ನರ್ಸ್ ಕೇಳಿದಳು, “ಮೊಟ್ಟೆ ತಿಂದ್ರೆ ಅಲರ್ಜಿ ಏನಾರ ಐತೇನ್ರಿ ಅಜ್ಜಿ?”

“ನಾವು ಮೊಟ್ಟೆ ಮುಟ್ಟಲ್ಲವ್ವ. ಯಾಕ?”

“ಈ ಲಸಿಕೆ ಮೊಟ್ಟೆಯೊಳಗೇ ಬೆಳ್ಸೋದ್ರಿ.”

ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡೆ.

ಪಾಪ, ಅವಳು ಬಿಡಿಸಿ ಹೇಳಿದಳು. ಫ್ಲೂ ವೈರಸ್ ಆಗಾಗ ವೇಷ ಬದಲಿಸುತ್ತದೆ. ಮುಂದಿನ ಸೀಸನ್ನಿಗೆ ಯಾವ ವೇಷದಲ್ಲಿ ಬರಬಹುದೆಂದು ವಿಜ್ಞಾನಿಗಳು ಮೊದಲೇ ಅಂದಾಜು ಮಾಡುತ್ತಾರೆ. ಅದನ್ನು ಮರಿಯಾಗುವಂಥ ಮೊಟ್ಟೆಯೊಳಕ್ಕೆ ಬಿಟ್ಟು, ಕೆಲವು ದಿನ ಮಷೀನಿನಲ್ಲಿ ಕಾವು ಕೊಡುತ್ತಾರೆ. ಬೆಳೆದ ಮೇಲೆ ಒಳಗಿನ ನೀರು ತೆಗೆದು, ವೈರಸ್ಸನ್ನು ಕೊಂದು, ಒಡೆದು, ಶುದ್ಧ ಮಾಡುತ್ತಾರೆ. ಹೋದ ವರ್ಷದ್ದು ಈ ವರ್ಷಕ್ಕೆ ನಡೆಯದು. (ನಮ್ಮ ಮನೆಯಲ್ಲಿ ಹೋದ ವರ್ಷದ ಉಪ್ಪಿನಕಾಯಿಗೇ ಗಿರಾಕಿ ಜಾಸ್ತಿ!)

“ಮೊಟ್ಟೆ ಇಲ್ಲದ್ದು ಇಲ್ಲೇನವ್ವ?”

“ಹಂಗೂ ಮಾಡ್ತಾರಂತ್ರಿ. ನಮ್ ಹತ್ರ ಬಂದಿಲ್ಲ.”

ಶಂಷಾದಳ ತಾಳ್ಮೆ ಮುಗಿಯಿತು. “ಅರೆ ಬಸಕ್ಕ, ನಿಂಗೇನು ಆಮ್ಲೆಟ್ ತಿನ್ಸಾಕೆ ಬಂದಾರೇನು? ಕೂಸು ಬೇಕೋ ಬ್ಯಾಡೋ, ಅದನ್ನ ಹೇಳು!”

ಕೂಸು ಬೇಕಿತ್ತು. ಆದರೂ ಒಂದು ಷರತ್ತು ಹಾಕಿದೆ. “ಎಡಗೈಯಾಗ ಲಿಂಗ ಇಟ್ಕಂಡು ಪೂಜೆ ಮಾಡ್ತೀನಿ. ಅದು ಬ್ಯಾಡ. ಬಲಗೈಗೆ ಹಾಕವ್ವ.”

ಸಂಜೆ ರೊಟ್ಟಿ ತಟ್ಟಲು ಬಲಗೈ ಏಳಲಿಲ್ಲ. ಕಾಂಪೌಂಡಿನಾಚೆ ಶಂಷಾದ್ ನಕ್ಕಿದ್ದೇ ನಕ್ಕಿದ್ದು. “ಮೊಟ್ಟೆ ತಾಕತ್ ಕೊಡ್ತೈತೆ ಅಂತಾರೆ. ನಿಂಗ್ಯಾಕ ಹಿಂಗಾತು?”

ಲಸಿಕೆ ಮೈಗೆ ಹತ್ತಲು ಎರಡು ವಾರ ಬೇಕಂತೆ. ಅಷ್ಟು ದಿನ ಕಾದು ಹರಿಹರಕ್ಕೆ ಹೋದೆ. ನಿಮ್ಮಮ್ಮ ಕೂಸನ್ನು ನನ್ನ ಮಡಿಲಿಗಿಟ್ಟಳು. ಅದರ ತಲೆ ಬಂದು ಒರಗಿದ್ದು ಬಲತೋಳಿಗೆ, ಸೂಜಿ ಚುಚ್ಚಿಸಿಕೊಂಡ ತೋಳಿಗೆ. ಒಮ್ಮೆ ಆಕಳಿಸಿ, ಹಾಗೇ ನಿದ್ದೆ ಹೋಯಿತು.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಂಡಿರಿ, ಮಕ್ಕಳೇ. ನಿಮ್ಮ ತಂಗಿಗೆ ಓದಲು ಬಂದಾಗ ಕೈಗೆ ಕೊಟ್ಟು ಕೇಳಿ: ಅಜ್ಜಿಯ ಎರಡು ಕೈಗಳಲ್ಲಿ ಮಡಿಯ ಕೈ ಯಾವುದು?