ಚೀಟಿ ಇಲ್ಲದ ಸುರುಳಿ

ಅವರ ಬಲಗೈ ಹೆಬ್ಬೆರಳಿನ ಮೇಲೆ ಒಂದು ಗೆರೆ ಇತ್ತು. ಮೂವತ್ತು ವರ್ಷ ತಾಮ್ರದ ತಂತಿ ಉಜ್ಜಿ ಕೊರೆದ ಗೆರೆ. ಅದರೊಳಗೆ ತಂತಿಗೆ ಬಳಿಯುವ ವಾರ್ನಿಷಿನ ಕಂದು ಬಣ್ಣ ಕೂತುಬಿಟ್ಟಿತ್ತು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಧಾರವಾಡದ ಸಪ್ತಾಪುರದಲ್ಲಿ ನಮ್ಮ ಓಣಿಯ ತುದಿಗೆ ಅವರ ಅಂಗಡಿ. ನೀರಿನ ಮೋಟರ್ ಸುಟ್ಟರೆ ಬಿಚ್ಚಿ, ಒಳಗಿನ ತಂತಿಯ ಸುರುಳಿ ಕಿತ್ತು, ಹೊಸದು ಸುತ್ತಿ ಕೊಡುತ್ತಿದ್ದರು. ಓಣಿಗೆಲ್ಲ ಅವರು ಮೋಟರ್ ಕಾಕಾ.

ಸುತ್ತುವಾಗ ಬಾಯಲ್ಲೇ ಎಣಿಸುತ್ತಿದ್ದರು. ಆಗ ಯಾರೇ ಬರಲಿ, ಎಡಗೈ ಮೇಲೇಳುತ್ತಿತ್ತು, ಮಾತಿಲ್ಲ. ಒಮ್ಮೆ ನನ್ನ ಅಪ್ಪ "ಇನ್ನೂ ಎಷ್ಟೊತ್ತರಿ?" ಎಂದು ಎರಡೆರಡು ಸಲ ಕೇಳಿ ಎಣಿಕೆ ತಪ್ಪಿಸಿದರು. ಕಾಕಾ ಸಿಟ್ಟಾಗಲಿಲ್ಲ. ಸುತ್ತಿದ್ದೆಲ್ಲ ಬಿಚ್ಚಿ ಮತ್ತೆ ಒಂದರಿಂದ ಶುರು ಮಾಡಿದರು. "ಅಂದಾಜಿಗೆ ಸುತ್ತಿದ್ರ ಅಂದಾಜಿಗೇ ತಿರಗತೈತ್ರಿ," ಎಂದರಷ್ಟೆ.

ಕಿತ್ತ ಸುರುಳಿಯನ್ನು ಅವರು ಕೂಡಲೇ ಗುಜರಿಗೆ ಹಾಕುತ್ತಿರಲಿಲ್ಲ. ಹಳೆಯ ಲಗ್ನಪತ್ರಿಕೆ ಕತ್ತರಿಸಿ ಚೀಟಿ ಮಾಡಿ, ಅದರ ಮೇಲೆ ಎರಡು ಸಾಲು ಬರೆದು ಕಟ್ಟಿ ಮೊಳೆಗೆ ನೇತುಹಾಕುತ್ತಿದ್ದರು. ಮೇಲಿನ ಸಾಲಿನಲ್ಲಿ ಮನೆ, ಕೆಳಗೆ ರೋಗ. ಅದೇ ಮೋಟರ್ ಮತ್ತೆ ಬಂದರೆ ಹಿಂದಿನದು ಗೊತ್ತಿರಬೇಕಲ್ಲ. "ಹಸರ ಗೇಟಿನ ಮನಿ. ನಳಕ್ಕ ಹಚ್ಚಿದ್ದು, ನೀರಿಲ್ಲದ ಓಡಿದ್ದು."

ನಮ್ಮಲ್ಲಿ ಆಗ ಏಳೆಂಟು ದಿನಕ್ಕೊಮ್ಮೆ ನೀರು. ಆ ದಿನ ಮಂದಿ ಕದ್ದು ನಳಕ್ಕೇ ಮೋಟರ್ ಹಚ್ಚುತ್ತಿದ್ದರು. ಹಾಗೆ ಎಳೆದರೆ ಪಕ್ಕದ ಮನೆಯ ಪಾಲೂ ಎಳೆದವರ ನೀರಿನ ಟಾಕಿಗೆ ಬರುತ್ತದೆ. ಎಲ್ಲರಿಗಿಂತ ಮೊದಲು ಎಳೆಯುವ ಅವಸರಕ್ಕೆ ನೀರು ಬರುವ ಮುನ್ನವೇ ಸ್ವಿಚ್ ಒತ್ತುವುದು, ಪೈಪಿನಲ್ಲಿ ಬರೀ ಗಾಳಿ, ಮೋಟರ್ ಒಣಗಿ ಓಡಿ ಸುಟ್ಟುಕೊಳ್ಳುವುದು. ನಳಕ್ಕೆ ಮೋಟರ್ ಹಚ್ಚಬಾರದೆಂದು ಓಣಿಗೆಲ್ಲ ಬುದ್ಧಿ ಹೇಳುತ್ತಿದ್ದವರು ನನ್ನ ಅಪ್ಪ. ನಳಕ್ಕೇ ಹಚ್ಚಿದ ನಮ್ಮ ಮೋಟರ್ ಮೇಲೆ ಯಾರಿಗೂ ಕಾಣದಂತೆ ಗೋಣಿಚೀಲ ಹೊದಿಸಿರುತ್ತಿದ್ದರು.

ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಬಂತು. ಗೆಳತಿಯರೆಲ್ಲ ಥರ್ಮಾಕೋಲಿನ ಜ್ವಾಲಾಮುಖಿ ಮಾಡುತ್ತಿದ್ದರು. ನಾನು ಕಾಕಾನ ಮೊಳೆಗಳನ್ನು ನೋಡಿ "ನಮ್ಮ ಓಣಿಯ ಮೋಟರ್ ಯಾಕೆ ಸುಡುತ್ತವೆ?" ಎಂಬ ವಿಷಯ ಹಿಡಿದೆ. ಕಾಕಾಗೆ ನನಗಿಂತ ಹೆಚ್ಚು ಹುರುಪು. ಏಳು ಸುರುಳಿ ಆರಿಸಿ ಕೊಟ್ಟರು, ಸುಟ್ಟ ಭಾಗ ಮುಂದೆ ಬರುವಂತೆ ಹೇಗೆ ತೂಗುಹಾಕಬೇಕೆಂದು ತೋರಿಸಿದರು. ಹೊರಡುವಾಗ ಕತ್ತರಿಯನ್ನೂ ಕೈಗಿಟ್ಟರು.

"ಚೀಟಿ ಮ್ಯಾಲಿನ ಸಾಲು ಕತ್ತರಿಸಿ ಹಚ್ಚು ಬೇಟಾ. ರೋಗ ತೋರಸು, ರೋಗಿನ್ನ ತೋರಸಬ್ಯಾಡ."

ಮನೆಯಲ್ಲಿ ಕೂತು ರಟ್ಟಿಗೆ ಬಣ್ಣದ ಕಾಗದ ಅಂಟಿಸಿದೆ, ಸುರುಳಿ ಕಟ್ಟಿದೆ. ಮೇಲಿನ ಸಾಲಿದ್ದರೆ ಬೋರ್ಡು ಖರೇ ಅನ್ನಿಸುತ್ತಿತ್ತು. ತೀರ್ಪುಗಾರರು ಮೆಚ್ಚುತ್ತಾರೆಂಬ ಆಸೆ ನನಗೆ. ಹಾಗೇ ಬಿಟ್ಟೆ. ಏಳನೆಯ ಸುರುಳಿ ನಮ್ಮ ಮನೆಯದು. ಅದರ ಚೀಟಿಯನ್ನು ಪೂರ್ತಿ ಬಿಚ್ಚಿ ಒಲೆಗೆ ಹಾಕಿದೆ. ಯಾರೂ ಹೇಳಿಕೊಟ್ಟಿರಲಿಲ್ಲ, ನನ್ನದೇ ಬುದ್ಧಿ.

ಎರಡನೇ ಬಹುಮಾನ ಬಂತು. ಯಾರೋ ಪಾಲಕರು ಬೋರ್ಡಿನ ಫೋಟೋ ತೆಗೆದು ಓಣಿಯ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಮರುದಿನ ಬೆಳಿಗ್ಗೆ ಸುರುಳಿ ವಾಪಸ್ ಕೊಡಲು ಹೋದಾಗ ಹಸಿರು ಗೇಟಿನ ಮನೆಯಾಕೆ ಅಂಗಡಿಯ ಮುಂದೆ ನಿಂತಿದ್ದರು.

"ನಂಬಿ ಮೋಟರ್ ಕೊಟ್ರ ನಮ್ಮ ಮಾನ ಸಾಲ್ಯಾಗ ತೂಗಹಾಕಸ್ತೀರೇನ್ರಿ?"

ಕಾಕಾ ಎದ್ದು ನಿಂತರು. "ತಪ್ಪು ನಂದರಿ ಅಕ್ಕಾರ. ಚೀಟಿ ಕತ್ತರಿಸೂದು ಮರತೆ."

ನಾನು ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದೆ. ಬಾಯಿ ಬಿಡಲಿಲ್ಲ. ಅವರು ಹೋದ ಮೇಲೆ ಕಾಕಾ ಚೀಲದಿಂದ ಸುರುಳಿಗಳನ್ನು ಒಂದೊಂದಾಗಿ ತೆಗೆದರು. ಕೊನೆಯದನ್ನು ತಿರುಗಿಸಿ ನೋಡಿದರು.

"ಒಂದಕ್ಕ ತಗಿಯೂದು ನೆನಪಿತ್ತಲ್ಲ ಬೇಟಾ."

ಅಷ್ಟೇ ಅಂದದ್ದು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ.

ಅಂದು ಸಂಜೆ ಗ್ರೂಪಿನಲ್ಲಿ ಅಪ್ಪ ಬರೆದರು: "ಇದು ವಿಶ್ವಾಸದ ಪ್ರಶ್ನೆ. ಇಂಥವರಿಗೆ ಸಾಮಾನು ಕೊಡುವ ಮುನ್ನ ಎಲ್ಲರೂ ವಿಚಾರ ಮಾಡಬೇಕು." ಅದರ ಕೆಳಗೆ ಮೆಚ್ಚುಗೆಯ ಹೆಬ್ಬೆರಳ ಸಾಲು. ಅಪ್ಪನ ಮೇಲೆ ಇಂದಿಗೂ ನನಗೆ ಸಿಟ್ಟಿದೆ, ಆದರೆ ಆ ಸಿಟ್ಟಿನ ಮರೆಯಲ್ಲಿ ನಾನು ಅಡಗಿ ಕೂತಿದ್ದೆ ಎಂಬುದೂ ಗೊತ್ತಿದೆ. ಓಣಿಯ ಮೋಟರುಗಳು ಬೇರೆ ಅಂಗಡಿ ಹುಡುಕಿಕೊಂಡವು. ವರ್ಷದೊಳಗೆ ಕಾಕಾ ಬಾಗಿಲು ಹಾಕಿ ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಶೆಡ್ಡೊಂದರಲ್ಲಿ ಕೂಲಿಗೆ ತಂತಿ ಸುತ್ತಲು ಹೋದರು. ಯಾರದೋ ಬೈಕಿನ ಹಿಂದೆ ಕೂತು ಹೋಗುವಾಗ ನಾನು ಕಂಡರೆ ಕೂಗುತ್ತಿದ್ದರು: "ಛಲೋ ಓದಾಕತ್ತೀ ಇಲ್ಲೊ?" ನಾನು ತಲೆ ಅಲ್ಲಾಡಿಸುತ್ತಿದ್ದೆ. ನಿಲ್ಲಿಸಿ ತಪ್ಪಾಯಿತೆಂದು ಹೇಳಬಹುದಾಗಿತ್ತು. ಪ್ರತಿ ಸಲವೂ ಹೇಳಬಹುದಾಗಿತ್ತು.

ಹೋದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಹೆಂಡತಿ ಒಳಗಿನಿಂದ ಒಂದು ಚೀಲ ತಂದರು. "ಟೀಚರ್ ಆಗ್ಯಾಳ, ಸಾಲಿಗಿ ಬೇಕಾಗ್ತಾವು, ಆಕಿಗೇ ಕೊಡು ಅಂತಿದ್ರು." ಅವೇ ಏಳು ಸುರುಳಿ. ಆರರ ಚೀಟಿಯಲ್ಲಿ ಮೇಲಿನ ಸಾಲನ್ನು ನೀಟಾಗಿ ಕತ್ತರಿಸಿದ್ದರು. ಏಳನೆಯದಕ್ಕೆ ಹೊಸ ಚೀಟಿ ಕಟ್ಟಿ ಒಂದೇ ಸಾಲು ಬರೆದಿದ್ದರು: "ನೀರಿಲ್ಲದ ಓಡಿದ್ದು." ಮನೆ ಬರೆದಿರಲಿಲ್ಲ. ಅವರೆದುರು ತಡೆದುಕೊಂಡೆ, ಹೊರಗೆ ಬಂದು ರಸ್ತೆಯಲ್ಲಿ ಅತ್ತೆ.

ಈಗ ಧಾರವಾಡದ ಮನೆಯಿಂದಲೇ ಓಡಾಡುತ್ತ ಹುಬ್ಬಳ್ಳಿಯ ವಿದ್ಯಾನಗರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ಸಲದ ಪ್ರದರ್ಶನಕ್ಕೆ ಮಕ್ಕಳ ಜೊತೆ ಆ ಏಳನ್ನೂ ಬೋರ್ಡಿಗೆ ಕಟ್ಟಿದೆ. ಏಳನೆಯ ಚೀಟಿಗೆ ಮೇಲೊಂದು ಸಾಲು ಅಂಟಿಸಿ ನಮ್ಮ ಮನೆಯೆಂದು ಬರೆದೆ. ಫೋಟೋ ತೆಗೆದು ಓಣಿಯ ಗ್ರೂಪಿಗೆ ಹಾಕಿದೆ. ಕೆಳಗೆ "ಅವತ್ತು ಚೀಟಿ ಕತ್ತರಿಸದೆ ಬಿಟ್ಟವಳು ನಾನು, ಕಾಕಾ ಅಲ್ಲ" ಎಂದು ಬರೆದೆ.

ಅಪ್ಪ ನೋಡಿದರು. ರಾತ್ರಿ ಊಟಕ್ಕೆ ಕೂತಾಗ ತಲೆ ಎತ್ತಲಿಲ್ಲ. ಗ್ರೂಪಿನಲ್ಲಿ ಹಸಿರು ಗೇಟಿನ ಮನೆಯಾಕೆ ಒಬ್ಬರೇ ಉತ್ತರ ಬರೆದಿದ್ದರು.

"ಅವರಿದ್ದಾಗ ಹೇಳಬೇಕಿತ್ತವಾ."