ದೊಡ್ಡಿಯ ಎಡಚ ವೆಂಡೆಲ್

ವೆಂಡೆಲ್ ಕುಜ್ಮಾನ ಮಗಳು ಟ್ರೂಡಿ ಅಪ್ಪ ಆಡುವುದನ್ನು ಒಮ್ಮೆಯೂ ಕಂಡಿರಲಿಲ್ಲ. ಅಪ್ಪನ ಕಸುಬೇ ಬೇಸ್‌ಬಾಲ್. ಅವಳು ಹುಟ್ಟುವ ಮೊದಲಿನಿಂದಲೂ ಅವನು ಹೊಟ್ಟೆ ಹೊರೆದದ್ದು ಅದರಲ್ಲೇ. ಅವಳು ಆಟ ನೋಡಲು ಬಂದದ್ದೂ ಕಡಮೆಯೇನಲ್ಲ. ಬಂದಾಗಲೆಲ್ಲ ಕಂಡದ್ದು ಇಷ್ಟೇ: ದೂರದ ಬೇಲಿಯಾಚೆ ಅಪ್ಪ ಎದ್ದು ನಿಲ್ಲುವುದು, ತೋಳು ಸಡಿಲಿಸಿಕೊಳ್ಳಲು ಚೆಂಡೆಸೆಯುವುದು, ಬೆವರುವುದು, ಆಮೇಲೆ ಜಾಕೆಟ್ ಹಾಕಿಕೊಂಡು ಮತ್ತೆ ಬೆಂಚಿನ ಮೇಲೆ ಕೂರುವುದು.

ಆಟ ಶುರು ಮಾಡುವ ಎಸೆತಗಾರ ಬೇರೆ, ಅವನ ತೋಳು ಸೋತಾಗ ನಡುವೆ ಬಂದು ಹೊರೆ ಹೊರುವವನು ಬೇರೆ. ವೆಂಡೆಲ್ ಎರಡನೆಯ ಜಾತಿ. ಆ ಜಾತಿಯವರನ್ನು ಕೂರಿಸುವ ಜಾಗಕ್ಕೆ ಆಟಗಾರರ ಬಾಯಲ್ಲಿ ಗೂಳಿದೊಡ್ಡಿ ಎಂದು ಹೆಸರು. ಹೆಸರಿಟ್ಟವನು ಪುಣ್ಯಾತ್ಮ. ಮೈದಾನದ ಕೊನೆಯಲ್ಲಿ ಒಂದು ಬೇಲಿ, ಒಂದು ಬೆಂಚು, ಗೋಡೆಗೆ ಒಂದು ಫೋನು. ಫೋನು ಹೊಡೆದುಕೊಂಡರೆ ಎದ್ದು ತೋಳು ಸಡಿಲಿಸಬೇಕು. ಕರೆದರೆ ಓಡಬೇಕು, ಕರೆಯದಿದ್ದರೆ ಕೂರಬೇಕು. ಗೆಲ್ಲಿಸಿ ಕೊಟ್ಟರೆ ಮರುದಿನ ಯಾರಿಗೂ ನೆನಪಿರುವುದಿಲ್ಲ, ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಸೋತರೆ ಮಾತ್ರ ಊರೆಲ್ಲ ಅವನ ಹೆಸರು ಹೇಳುತ್ತದೆ.

ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಊರಿನಿಂದ ಹೊರಟಾಗ ಅವನಿಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಅಪ್ಪ ಗಣಿಯವನು. 'ನೆಲದ ಮೇಲೆ ನಿಂತು ಮಾಡೋ ಕೆಲಸ, ಹೋಗು' ಎಂದಷ್ಟೇ ಹೇಳಿ ಕಳಿಸಿದ್ದ. ಅಲ್ಲಿಂದ ತಂಡದಿಂದ ತಂಡಕ್ಕೆ, ಬಸ್ಸಿನಿಂದ ಬಸ್ಸಿಗೆ. ದೊಡ್ಡ ಲೀಗಿನವರು ಎರಡು ಬೇಸಿಗೆ ಅವನನ್ನು ಮೇಲಕ್ಕೆ ಕರೆಸಿಕೊಂಡರು. ಅಲ್ಲಿಯೂ ಬೆಂಚೇ, ಮೆತ್ತೆ ಮಾತ್ರ ಹೊಸದು. ಅಲ್ಲೊಂದು ಇಲ್ಲೊಂದು ದಿನ ಎಸೆದ, ಕೆಟ್ಟದಾಗೇನೂ ಎಸೆಯಲಿಲ್ಲ. ಆದರೂ ಇಳಿಸಿದರು. ಯಾಕೆಂದು ಅವನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬಾಡಿಗೆ ಕೋಣೆಗಳಲ್ಲಿ ಅವನು ಸೂಟ್‌ಕೇಸ್ ಬಿಚ್ಚಿ ಬಟ್ಟೆಯನ್ನು ಬೀರುವಿನಲ್ಲಿಟ್ಟವನಲ್ಲ. ಬಿಚ್ಚಿದ ದಿನವೇ ಕಳಿಸಿಬಿಡುತ್ತಾರೆ ಎಂಬುದು ಆ ಕಸುಬಿನವರ ನಂಬಿಕೆ. ಮೂಢನಂಬಿಕೆ ಎಂದು ನಾವು ನಗಬಹುದು. ಆದರೆ ಮದುವೆಯಾದ ಮೇಲೂ, ಹೆಂಡತಿ ಮಾರ್ಲಾಳ ಮನೆಯಲ್ಲೂ, ಅವನ ಸೂಟ್‌ಕೇಸ್ ಮಂಚದ ಕೆಳಗೆ ಹಾಗೆಯೇ ಇರುತ್ತಿತ್ತು. ಮಾರ್ಲಾ ಕೆಲವು ವರ್ಷ ಅದರ ಸುತ್ತಲೇ ಕಸ ಗುಡಿಸಿದಳು. ಒಂದು ದಿನ, 'ಇದನ್ನ ಇಲ್ಲಿ ಬಿಚ್ಚು, ಇಲ್ಲಾ ತಗೊಂಡ್ ಹೋಗು' ಅಂದಳು. ಅವನು ತೆಗೆದುಕೊಂಡು ಹೋದ. ಅವನನ್ನು ಕೆಟ್ಟವನೆಂದು ನಾನು ಹೇಳಲಾರೆ. ಆದರೆ ಆ ಬೆಳಿಗ್ಗೆ ಅವನು ಒಂದು ಅಂಗಿಯನ್ನಾದರೂ ಬಿಚ್ಚಿ ಗೂಟಕ್ಕೆ ಹಾಕಬಹುದಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಮಾರ್ಲಾ ಓಹಾಯೋ ಹೊಳೆಯ ದಂಡೆಯ ಪೋರ್ಟ್ ಹ್ಯಾಡ್ಲಿಯಲ್ಲಿ ಕಾರ್ಪೆಟ್ ಮಾರುವ ಗ್ಯಾರೆಟ್ ಎಂಬುವನನ್ನು ಮದುವೆಯಾದಳು. ವೆಂಡೆಲ್‌ನ ತಂಡ ಬೇಸಿಗೆಯಲ್ಲಿ ಆ ಊರಿಗೆ ಆಡಲು ಬಂದಾಗಲೆಲ್ಲ ಗ್ಯಾರೆಟ್ ತಾನೇ ಕಾರಿನಲ್ಲಿ ಟ್ರೂಡಿಯನ್ನು ಕರೆತಂದು ಬಿಡುತ್ತಿದ್ದ. ಬೈಯಲಿಕ್ಕೂ ಆಗದಂಥ ಒಳ್ಳೆಯ ಮನುಷ್ಯ, ಅದೇ ವೆಂಡೆಲ್‌ಗೆ ಕಷ್ಟವಾಗಿದ್ದದ್ದು.

ಆ ವರ್ಷ ಆಗಸ್ಟ್‌ನ ಶನಿವಾರ ಬೆಳಿಗ್ಗೆ ವೆಂಡೆಲ್ ಮಗಳನ್ನು ತಿಂಡಿಗೆ ಕರೆದುಕೊಂಡು ಹೋದ. ಅವಳಿಗೆ ಹದಿನಾಲ್ಕು. ಪ್ಯಾನ್‌ಕೇಕ್ ಮೇಲೆ ಪಾಕ ಸುರಿದುಕೊಳ್ಳುತ್ತಾ, ತಲೆಯೆತ್ತದೆ ಹೇಳಿದಳು:

"ನಾವು ಆರೆಗಾನ್‌ಗೆ ಹೋಗ್ತಿದ್ದೀವಿ. ಮುಂದಿನ ವಾರ. ಗ್ಯಾರೆಟ್‌ಗೆ ಅಲ್ಲಿ ಅಂಗಡಿ ಸಿಕ್ಕಿದೆ."

"ಆರೆಗಾನ್ ದೂರ ಆಯ್ತಲ್ಲ."

"ನಿಂಗ್ಯಾವುದು ಹತ್ರ ಇತ್ತು?" ಅಂದಳು ಮಗಳು. ಸ್ವಲ್ಪ ಹೊತ್ತು ತಿಂದು, "ಸ್ಕೂಲಲ್ಲಿ ನಮ್ಮಪ್ಪ ಎಸೆತಗಾರ ಅಂತ ಹೇಳಿದ್ದೆ. ಗೆಳತೀರನ್ನ ಕರ್ಕೊಂಡೂ ಬಂದೆ. ನೀನು ಕೂತೇ ಇದ್ದೆ. ನಿಮ್ಮಪ್ಪ ಬೆಂಚು ಕಾಯೋ ವಾಚ್‌ಮನ್ನಾ ಅಂತ ಕೇಳಿದ್ರು" ಅಂದಳು.

"ನಾಳೆ ಬಾ. ಬ್ಯಾಟರ್ ಹಿಂದೆ, ಬಲೆ ಹತ್ರಾನೇ ಕೂರಿಸ್ತೀನಿ."

"ಎಸೀತೀಯಾ?"

ಅದು ಅವನ ಕೈಯಲ್ಲಿರಲಿಲ್ಲ. "ನೋಡೋಣ" ಅಂದ. ಹಾಗೆ ಅಂದದ್ದಕ್ಕೆ ತನ್ನ ಮೇಲೇ ಅವನಿಗೆ ಅಸಹ್ಯವಾಯಿತು.

ಭಾನುವಾರ ಮಧ್ಯಾಹ್ನ ದೊಡ್ಡಿಯಲ್ಲಿ ಬಿಸಿಲು ಸುಡುತ್ತಿತ್ತು. ವೆಂಡೆಲ್ ಪಕ್ಕದಲ್ಲಿ ಬಲಗೈ ಎಸೆತಗಾರ ಅಮೌರಿ, ಡೊಮಿನಿಕನ್ ಹುಡುಗ, ಕಲ್ಲು ತೂರಿದಷ್ಟು ವೇಗ. ಅತ್ತ ಕಡೆ ಅವರಿಬ್ಬರ ಎಸೆತ ಹಿಡಿಯುವ ಮುದುಕ ಓಟಿಸ್. ಓಟಿಸ್‌ಗೆ ಅವತ್ತು ಒಂದೇ ಹರಟೆ: ಮ್ಯಾನೇಜರ್ ಬರ್ಲ್ ಹಿಂದಿನ ದಿನ ಹೊಳೆಯಲ್ಲಿ ಮೀನು ಹಿಡಿಯಲು ಹೋಗಿ ತುರಿಕೆಬಳ್ಳಿಯಲ್ಲಿ ಕೈಯಿಟ್ಟಿದ್ದು.

"ಎಡಗೈ ಪೂರ್ತಿ ಎದ್ದುಬಿಟ್ಟಿದೆ ಕಣೋ. ಗುಲಾಬಿ ಔಷಧಿ ಬಳ್ಕೊಂಡು ಕೂತಿದ್ದಾನೆ, ಮದುವಣಗಿತ್ತಿ ಥರ. ಮೀನು ಮಾತ್ರ ಒಂದೂ ಸಿಗ್ಲಿಲ್ವಂತೆ."

ವೆಂಡೆಲ್ ನಗಲಿಲ್ಲ. ಬಲೆಯ ಹಿಂದೆ ಹಳದಿ ಅಂಗಿಯ ಒಂದು ಚುಕ್ಕೆ ಕಾಣುತ್ತಿತ್ತು. ಅಷ್ಟು ದೂರದಿಂದ ಮುಖ ತಿಳಿಯುತ್ತಿರಲಿಲ್ಲ.

ಒಂಬತ್ತು ಇನ್ನಿಂಗ್ಸಿನ ಆಟದಲ್ಲಿ ಎಂಟನೆಯದು ಕೊನೆಗೆ ಬಂದಾಗ ಎರಡೂ ತಂಡಗಳು ಸಮಸಮ. ಪೋರ್ಟ್ ಹ್ಯಾಡ್ಲಿಯವರ ಇಬ್ಬರು ಔಟ್, ಇನ್ನೊಬ್ಬ ಹೋದರೆ ಅವರ ಸರದಿ ಮುಗಿಯಿತು. ಓಟದ ಮೊದಲ ಠಾಣೆಯಾದ ಮೊದಲ ಬೇಸ್‌ನಲ್ಲಿ ಜಿಂಕೆಯಂತೆ ಓಡುವ ಒಬ್ಬ ಹುಡುಗ, ಬ್ಯಾಟು ಹಿಡಿದು ಬರುತ್ತಿದ್ದವನು ಟಾಲ್ಬರ್ಟ್. ಈ ಟಾಲ್ಬರ್ಟ್ ಬಲಗೈ ಆಟಗಾರ, ಎಡಗೈ ಎಸೆತವೆಂದರೆ ಅವನಿಗೆ ಹಬ್ಬದೂಟ. ಮೇ ತಿಂಗಳಲ್ಲಿ, ಟ್ರೂಡಿ ಬಾರದಿದ್ದ ಒಂದು ದಿನ, ವೆಂಡೆಲ್‌ನ ಚೆಂಡನ್ನು ಹೊಡೆದು ಆಚೆ ರಸ್ತೆಯ ಲಾಂಡ್ರಿಯ ಮಾಡಿನ ಮೇಲೆ ಹಾಕಿದ್ದ.

ಫೋನು ಹೊಡೆದುಕೊಂಡಿತು. "ಇಬ್ರೂ ಏಳ್ರಪ್ಪ" ಅಂದ ಓಟಿಸ್. ಇಬ್ಬರೂ ತೋಳು ಸಡಿಲಿಸಿಕೊಂಡರು. ಕರೆಯುವುದು ಅಮೌರಿಯನ್ನೇ ಎಂಬುದು ಮೂವರಿಗೂ ಗೊತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬಾರದಿರುವುದು ವೆಂಡೆಲ್‌ಗೆ ರೂಢಿಯಾಗಿತ್ತು. ಆದರೆ ಅವತ್ತು ಅವನಿಗೆ ಅಳು ಬರುವಷ್ಟು ಸಂಕಟವಾಯಿತು.

ಬರ್ಲ್ ಎಸೆತಗಾರನನ್ನು ಬದಲಿಸಲು ಮೈದಾನದ ನಡುವಿಗೆ ನಡೆದು ಬಂದ. ದೊಡ್ಡಿಗೆ ಕೂಗಿದರೆ ಕೇಳಿಸುವುದಿಲ್ಲ. ಅದಕ್ಕೇ ಒಂದು ಕಟ್ಟಳೆ: ಎಡಗೈಯವನು ಬೇಕಾದರೆ ಮ್ಯಾನೇಜರ್ ತನ್ನ ಎಡತೋಳು ಮುಟ್ಟಬೇಕು, ಬಲಗೈಯವನು ಬೇಕಾದರೆ ಬಲತೋಳು. ಅಂಪೈರ್ ನೋಡಿದನೆಂದರೆ ಮುಗಿಯಿತು, ದೇವರು ಬಂದರೂ ಬದಲಾಗುವುದಿಲ್ಲ.

ಬರ್ಲ್ ದೊಡ್ಡಿಯ ಕಡೆ ತಿರುಗಿದ. ಎಡತೋಳು ಮುಟ್ಟಿದ.

ಅಮೌರಿ ವೆಂಡೆಲ್‌ನ ಮುಖ ನೋಡಿದ. ಓಟಿಸ್ ಕಣ್ಣು ಕಿರಿದು ಮಾಡಿ, "ಲೋ ಎಡಚ, ಅವನು ಕೆರ್ಕೊಂಡ ಕಣೋ" ಅಂದ.

"ಅಂಪೈರ್ ನೋಡಿದನಾ?"

"ಅವನೇನೋ ನೋಡ್ದ."

"ಹಾಗಾದ್ರೆ ಮುಟ್ಟಿದ್ದೇ" ಎನ್ನುತ್ತಾ ವೆಂಡೆಲ್ ಬೇಲಿಯ ಬಾಗಿಲು ತೆಗೆದು ಓಡಿದ. ಯಾರಾದರೂ ವಾಪಸು ಕರೆದಾರೆಂಬ ಭಯಕ್ಕೆ ಹಿಂದೆ ನೋಡಲಿಲ್ಲ.

ಬರ್ಲ್ ಅವನನ್ನು ಕಂಡು ಬಾಯಿ ಬಿಟ್ಟ. "ನಿನ್ನನ್ಯಾವನು ಕರೆದ?"

"ನೀವೇ ಯಜಮಾನ್ರೇ. ಎಡತೋಳು ಮುಟ್ಟಿದ್ರಿ."

"ತುರಿಕೆ ಕಣಯ್ಯ. ಮೈಯೆಲ್ಲಾ ಉರೀತಿದೆ ನಂಗೆ."

ಅಂಪೈರ್ ಹತ್ತಿರ ಬಂದು ತಣ್ಣಗೆ ಹೇಳಿದ: "ತುರಿಕೆಗೆ ನನ್ನ ಹತ್ರ ಕಾನೂನಿಲ್ಲ. ಒಬ್ಬ ಬ್ಯಾಟರ್ ಮುಗಿಯೋವರೆಗೂ, ಇಲ್ಲಾ ಇನ್ನಿಂಗ್ಸ್ ಮುಗಿಯೋವರೆಗೂ ಇವನೇ ಎಸೀಬೇಕು."

ಬರ್ಲ್ ಟಾಲ್ಬರ್ಟ್‌ನನ್ನು ನೋಡಿದ, ಲಾಂಡ್ರಿಯ ಮಾಡನ್ನು ನೋಡಿದ. "ಸರಿ. ಹೊಡೆಯೋಕೆ ಸಿಗದ ಹಾಗೆ ನಾಲ್ಕೂ ಚೆಂಡು ಅಗಲಕ್ಕೆ ಎಸೆದು, ಅವನನ್ನ ಸುಮ್ನೆ ಬೇಸ್‌ಗೆ ಕಳ್ಸು. ಆಮೇಲೆ ಅಮೌರಿ ನೋಡ್ಕೋತಾನೆ. ಬೇರೆ ಜಾಣತನ ಬೇಡ."

ವೆಂಡೆಲ್ ತಲೆಯಾಡಿಸಿದ. ಬಲೆಯ ಹಿಂದಿನ ಹಳದಿ ಅಂಗಿ ಈಗ ಎದ್ದು ನಿಂತಿತ್ತು. ಮುಖ ಕಾಣುತ್ತಿತ್ತು. ಇಷ್ಟು ವರ್ಷ ಕಾದು ಕೂತ ಮಗಳ ಕಣ್ಣೆದುರು ಅವನು ಮಾಡಬೇಕಾದದ್ದು ಇದು: ಹೆದರಿಕೊಂಡು, ಬೇಕೆಂದೇ ದೂರ ದೂರ ನಾಲ್ಕು ಚೆಂಡೆಸೆದು, ಮತ್ತೆ ಹೋಗಿ ಕೂರುವುದು. ಇದಕ್ಕಿಂತ ಬೆಂಚೇ ವಾಸಿಯಾಗಿತ್ತು.

ಚೆಂಡು ಹಿಡಿಯುವವನು ಎದ್ದು ನಿಂತು ಕೈ ಅಗಲಕ್ಕೆ ಚಾಚಿದ. ಅಗಲದ ಎಸೆತ ಎಂದು ಮೈದಾನಕ್ಕೆಲ್ಲ ತಿಳಿಯಿತು, ಜನ ಗೇಲಿ ಮಾಡಿ ಕೂಗಿದರು. ಮೊದಲ ಬೇಸ್‌ನ ಜಿಂಕೆ ಹುಡುಗನಿಗೂ ತಿಳಿಯಿತು. ಟಾಲ್ಬರ್ಟ್ ಸುಮ್ಮನೆ ಬೇಸ್‌ಗೆ ಬಂದರೆ ತಾನೂ ಸುಮ್ಮನೆ ಮುಂದಿನ ಬೇಸ್‌ಗೆ ಹೋಗಬಹುದು. ಹಾಗಾಗಿ ಅವನು, ಬೇಸ್ ಬಿಟ್ಟಾಗ ಮೈಗೆ ಚೆಂಡು ತಾಗಿಸಿದರೆ ಔಟ್ ಎಂಬುದನ್ನೂ ಮರೆತು, ನಾಲ್ಕು ಹೆಜ್ಜೆ ಈಚೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಬಲೂನು ಮಾರುವವಳನ್ನು ನೋಡುತ್ತಾ ನಿಂತ.

ವೆಂಡೆಲ್‌ಗೆ ವೇಗವಿರಲಿಲ್ಲ, ತಿರುವಿರಲಿಲ್ಲ. ಇದ್ದದ್ದು ಒಂದೇ ವಿದ್ಯೆ. ಎಡಗೈಯವನು ನಿಲ್ಲುವುದೇ ಮೊದಲ ಬೇಸ್‌ಗೆ ಎದುರಾಗಿ. ಬ್ಯಾಟರ್ ಕಡೆ ನೋಡುತ್ತಾ, ಅವನಿಗೇ ಎಸೆಯುವವನಂತೆ ಕಾಲೆತ್ತಿ, ಕೊನೆಯ ಗಳಿಗೆಯಲ್ಲಿ ಬೇಸ್‌ಗೆ ಎಸೆದುಬಿಡಬಹುದು. ಅದು ಎಲ್ಲರಿಗೂ ಬರುತ್ತದೆ. ಆದರೆ ವೆಂಡೆಲ್‌ನಷ್ಟು ಸುಳ್ಳಿಲ್ಲದ ಮುಖ ಇಟ್ಟುಕೊಂಡು ಮಾಡಲು ಬಾರದು. ಅವನು ಟೋಪಿಯ ಅಂಚನ್ನು ಎರಡು ಸಲ ಎಳೆದ. ಮೊದಲ ಬೇಸ್ ಕಾಯುತ್ತಿದ್ದ ಅವನ ತಂಡದವನು ಆ ಸನ್ನೆ ತಿಳಿದು, ಏನೂ ಅರಿಯದವನಂತೆ ಆಕಳಿಸುತ್ತಾ ಬೇಸ್‌ನ ಹತ್ತಿರ ಸರಿದ.

ವೆಂಡೆಲ್ ನೇರ ಮುಂದೆ ನೋಡಿದ. ಟಾಲ್ಬರ್ಟ್‌ನ ಹೆಗಲ ಮೇಲಿಂದ, ಬಲೆಯಾಚೆ, ಮಗಳ ಮುಖ. ಅವಳನ್ನೇ ನೋಡುತ್ತಾ ಕಾಲೆತ್ತಿದ. ಮೊದಲ ಬೇಸ್‌ಗೆ ಎಸೆದ.

ಜಿಂಕೆ ಹುಡುಗ ಬಲೂನಿನ ಕಡೆಯಿಂದ ತಿರುಗುವಷ್ಟರಲ್ಲಿ ಅವನ ಬೆನ್ನಿಗೆ ಚೆಂಡು ತಾಗಿಸಿ ಆಗಿತ್ತು. ಮೂವರು ಔಟ್. ಇನ್ನಿಂಗ್ಸ್ ಮುಗಿಯಿತು.

"ನಾನು ಹೇಳಿದ್ದೇನು, ನೀನು ಮಾಡಿದ್ದೇನು?" ಬರ್ಲ್ ತೋಳು ಕೆರೆದುಕೊಳ್ಳುತ್ತಾ ಕೇಳಿದ.

"ಅಗಲಕ್ಕೆ ಎಸೆಯೋಕೆ ಪುರಸೊತ್ತೇ ಸಿಗ್ಲಿಲ್ಲ ಯಜಮಾನ್ರೇ."

ಒಂಬತ್ತನೆಯದರಲ್ಲಿ ಅವನ ತಂಡ ಒಂದು ರನ್ ಗಳಿಸಿತು, ಅಮೌರಿ ಬಂದು ಉಳಿದವರನ್ನು ಮುಗಿಸಿದ. ತಂಡ ಮುಂದೆ ಹೋದಾಗ ಎಸೆತಗಾರನ ಜಾಗದಲ್ಲಿದ್ದವನು ಯಾರೋ ಗೆಲುವು ಅವನದು ಎಂಬ ಆಟದ ಕಾನೂನಿನ ಪ್ರಕಾರ ಅದು ವೆಂಡೆಲ್‌ನ ಹೆಸರಿಗೆ ಬಂತು. ಬ್ಯಾಟರ್‌ಗೆ ಒಂದೂ ಚೆಂಡೆಸೆಯದೆ ಗೆದ್ದ ಎಸೆತಗಾರ. ಹುಡುಗರು ಅವನ ತಲೆ ಮೇಲೆ ಬಿಯರ್ ಸುರಿದರು. ಅವನಿಗೂ ನಗು ಬಂತು. ಬಹಳ ದಿನಗಳ ಮೇಲೆ ಅವನಿಗೆ ತಾನು ಏನೋ ಆಗಿದ್ದೇನೆ ಅನ್ನಿಸಿತು.

ಟ್ರೂಡಿ ಬಸ್ಸಿನ ಹತ್ತಿರ ಕಾಯುತ್ತಿದ್ದಳು. ಗ್ಯಾರೆಟ್ ಮರ್ಯಾದೆಯಿಂದ ದೂರದಲ್ಲಿ ಕಾರಿಗೊರಗಿ ನಿಂತಿದ್ದ.

"ನೋಡಿದೆಯಾ?" ಅಂದ ವೆಂಡೆಲ್.

"ನೋಡಿದೆ." ಅವಳು ಅಂಗಿಯ ತುದಿ ಮಡಚುತ್ತಾ ನಿಂತಳು. "ನೀನು ನನ್ನ ಕಡೇನೇ ನೋಡ್ತಿದ್ದೆ. ನನ್ನ ಕಡೇಗೇ ಎಸೀತೀಯ ಅಂದ್ಕೊಂಡೆ."

"ಎಲ್ರೂ ಹಾಗೇ ಅಂದ್ಕೋಬೇಕು ಮರಿ. ಅದೇ ವಿದ್ಯೆ."

"ಚೆನ್ನಾಗಿ ಕಲ್ತಿದ್ದೀಯ" ಅಂದಳು ಟ್ರೂಡಿ. ಅಣಕಿಸುವ ದನಿಯಿರಲಿಲ್ಲ. ಅದಕ್ಕೇ ಅದು ಚುಚ್ಚಿತು. ಡ್ರೈವರ್ ಹಾರನ್ ಹೊಡೆದ. ಬಸ್ಸಿನಲ್ಲಿ ಹುಡುಗರು ಹಾಡು ಹೇಳುತ್ತಿದ್ದರು. ವೆಂಡೆಲ್ ಕಿಟಕಿಗೆ ತಲೆ ಕೊಟ್ಟು ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡ.

ಸೋಮವಾರ ಬರ್ಲ್ ತನ್ನ ಕೋಣೆಗೆ ಕರೆದು, "ಎಡಚ, ಬಾಗಿಲು ಹಾಕ್ಕೊ" ಅಂದ. ಮ್ಯಾನೇಜರ್ ಬಾಗಿಲು ಹಾಕಿಕೋ ಅಂದರೆ ಮುಂದಿನದನ್ನು ಕೇಳಬೇಕಾದ್ದೇ ಇಲ್ಲ.

"ಮೇಲಿನವ್ರು ಚಿಕ್ಕ ವಯಸ್ಸಿನ ಎಡಗೈಯವನೊಬ್ಬನ್ನ ಕಳಿಸ್ತಿದ್ದಾರೆ."

"ನೆನ್ನೆ ಗೆದ್ದೆನಲ್ಲ."

"ಗೆದ್ದೆ ಕಣಪ್ಪ. ನಾನು ಅದನ್ನೂ ಹೇಳ್ದೆ" ಅಂದ ಬರ್ಲ್. ತುರಿಕೆಯ ಕೈಯನ್ನೇ ಚಾಚಿದ, ನೆನಪಾಗಿ ಹಿಂದಕ್ಕೆಳೆದುಕೊಂಡು ಇನ್ನೊಂದು ಕೈ ಕೊಟ್ಟ.

ಕೋಣೆಗೆ ಹೋಗಿ ಕಟ್ಟಿಕೊಳ್ಳುವುದೇನೂ ಇರಲಿಲ್ಲ, ಸೂಟ್‌ಕೇಸ್ ಸಿದ್ಧವಾಗಿಯೇ ಇತ್ತು. ಆಗಸ್ಟ್ ತಿಂಗಳಲ್ಲಿ ಎಲ್ಲಿಗೂ ಹೋಗಬೇಕಾಗಿಲ್ಲದ ದಿನ ಅವನ ಬಾಳಿನಲ್ಲಿ ಅದೇ ಮೊದಲು. ಕಾರು ಹತ್ತಿದವನು ಪೆನ್ಸಿಲ್ವೇನಿಯಾದ ದಾರಿ ಬಿಟ್ಟು ಹೊಳೆಯ ದಾರಿ ಹಿಡಿದ.

ಪೋರ್ಟ್ ಹ್ಯಾಡ್ಲಿಯ ಮನೆ ಮುಂದೆ ಲಾರಿ ನಿಂತಿತ್ತು. ಮಾರ್ಲಾ ಅವನನ್ನು ಕಂಡು, "ನೀನಾ? ಇವತ್ತು ಆಟ ಇಲ್ವಾ?" ಅಂದಳು. "ಇನ್ನು ಇಲ್ಲ" ಅಂದ. ಅವಳು ಒಳಗೆ ತಿರುಗಿ ಮಗಳನ್ನು ಕೂಗಿದಳು.

ಟ್ರೂಡಿ ಬಂದಳು. ವೆಂಡೆಲ್ ಹಿಂದಿನ ಸೀಟಿನಿಂದ ಎರಡು ಗ್ಲೌಸು, ಒಂದು ಚೆಂಡು ತೆಗೆದ. ಇಬ್ಬರೂ ಎಡಚರೇ, ಗ್ಲೌಸು ಅವಳಿಗೂ ಸರಿಯಾಯಿತು. ರಟ್ಟಿನ ಪೆಟ್ಟಿಗೆಗಳ ನಡುವೆ ಜಾಗ ಮಾಡಿಕೊಂಡು ಎದುರೆದುರು ನಿಂತರು. ಅವನು ಅವಳ ಮುಖ ನೋಡಿದ, ಕಾಲೆತ್ತಿದ, ಎಸೆದ.

ಅವಳು ಪಕ್ಕಕ್ಕೆ ಹಾರಿದಳು. ಚೆಂಡು ಅವಳು ನಿಂತಿದ್ದ ಜಾಗದಲ್ಲೇ ನೇರ ಹೋಗಿ ಗ್ಯಾರೇಜಿನ ಬಾಗಿಲಿಗೆ ಬಡಿಯಿತು.

"ನನ್ನ ನೋಡ್ತಾ ಆ ಕಡೆ ಎಸೀತೀಯ ಅಂದ್ಕೊಂಡೆ" ಅಂದಳು.

"ಗೊತ್ತು" ಅಂದ ವೆಂಡೆಲ್. "ಮತ್ತೆ ನಿಂತ್ಕೋ. ಅಲ್ಲೇ."

ಅವಳು ಚೆಂಡು ಹೆಕ್ಕಿ ತಂದುಕೊಟ್ಟು, ಅಲ್ಲೇ ಹೋಗಿ ನಿಂತಳು. ಲಾರಿ ತುಂಬುವವರೆಗೂ ಇಬ್ಬರೂ ಎಸೆದರು. ಕೊನೆಯ ಪೆಟ್ಟಿಗೆ ಹತ್ತಿದ ಮೇಲೆ ಗ್ಯಾರೆಟ್ ಮೆಲ್ಲಗೆ ಕೆಮ್ಮಿದ. ಟ್ರೂಡಿ ಗ್ಲೌಸು ತೆಗೆಯದೆಯೇ ಅವನ ಕಾರು ಹತ್ತಿದಳು, ವೆಂಡೆಲ್ ಅದನ್ನು ವಾಪಸು ಕೇಳಲಿಲ್ಲ. ಕಾರು ತಿರುವಿನಲ್ಲಿ ಮರೆಯಾದ ಮೇಲೂ ವೆಂಡೆಲ್ ಆ ಖಾಲಿ ಮನೆಯ ಮುಂದೆ ಚೆಂಡು ಹಿಡಿದು, ಅವಳು ನಿಂತಿದ್ದ ಕಡೆಗೇ ನೋಡುತ್ತಾ ನಿಂತಿದ್ದ.